ರೈಲಿನ ತವರು ನೆಲದಡಿ

(ಮಾವ ಚಿನ್ನದ ಗಣಿಯಲ್ಲಿ ಸರ್ವೇಯರ್ ಆಗಿದ್ದವರು. ಸೊಸೆ, ಅಂದರೆ ಅವರ ಅಕ್ಕನ ಮಗಳು, ಬೆಟ್ಟದೊಳಗೆ ಊರು ಕಟ್ಟಿಕೊಂಡ ಕುಬ್ಜರ ಬಗ್ಗೆ ಕಾದಂಬರಿ ಬರೆಯುತ್ತಿದ್ದಾಳೆ. ಆ ಕಾದಂಬರಿಯಲ್ಲಿ ಒಂದು ರೈಲು ಇದೆ.)

ಸೊಸೆ: ನನ್ನ ಅಧ್ಯಾಯ ಓದಿ ಆಯಿತಾ ಮಾವ?

ಮಾವ: ಆಯಿತು. ಚೆನ್ನಾಗಿ ಬರೆದಿದ್ದೀಯ. ಕಲ್ಲಿನ ನಿಲ್ದಾಣ, ಕಂಬಗಳ ಮೇಲಿನ ಕೆತ್ತನೆ, ಪಂಜಿನ ಬೆಳಕಿಗೆ ಹೊಳೆಯುವ ಹಳಿ, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ರೈಲಿನಲ್ಲಿ ಕೂತವರು ಬಹಳ ಹೊತ್ತು ಬದುಕುವುದಿಲ್ಲ. ಅರವತ್ತು ಮೈಲಿ ಸುರಂಗ, ಎರಡೂ ಕೊನೆಗೆ ಕಬ್ಬಿಣದ ಬಾಗಿಲು, ಒಳಗೆ ಉಗಿ ಎಂಜಿನ್ನು, ಸಾಲದ್ದಕ್ಕೆ ನೂರಾರು ಪಂಜು. ಗಾಳಿ ಎಲ್ಲಿಂದ ಬರಬೇಕು?

ಸೊಸೆ: ಅದು ಕಲ್ಪಿತ ಲೋಕ ಅಲ್ಲವೇ? ಕುಬ್ಜರಿಗೆ ನಮ್ಮಷ್ಟು ಗಾಳಿ ಬೇಡ ಅಂತ ಇಟ್ಟುಕೊಳ್ಳಿ.

ಮಾವ: ಕುಬ್ಜರಿಗೆ ಬೇಡದೆ ಇರಬಹುದು. ಪಂಜಿಗೂ ಎಂಜಿನ್ನಿನ ಒಲೆಗೂ ಬೇಕಲ್ಲ. ನಿನ್ನ ಲೋಕದಲ್ಲಿ ಬೆಂಕಿ ಬೆಂಕಿಯಂತೆಯೇ ಉರಿಯುತ್ತದೆ ಅಂತ ನೀನೇ ಬರೆದಿದ್ದೀಯ.

ಸೊಸೆ: ಹಾಗಾದರೆ ಬೆಟ್ಟದೊಳಗೆ ರೈಲೇ ಬೇಡ ಅಂತೀರಾ? ನಾನೇನೂ ಮೊದಲಿಗಳಲ್ಲ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಐರನ್‌ಫೋರ್ಜ್ ಅಂತ ಕುಬ್ಜರ ಬೆಟ್ಟದ ಊರು ಇದೆ. ಅಲ್ಲಿಂದ ಮನುಷ್ಯರ ರಾಜಧಾನಿ ಸ್ಟಾರ್ಮ್‌ವಿಂಡ್‌ಗೆ ನೆಲದಡಿಯಲ್ಲೇ ಡೀಪ್‌ರನ್ ಟ್ರಾಮ್ ಓಡುತ್ತದೆ. ದಾರಿಯಲ್ಲಿ ಒಂದು ಕಡೆ ಗಾಜಿನ ಗೋಡೆ, ಅದರಾಚೆ ನೀರು, ನೀರಿನಲ್ಲಿ ಮೀನು. ಲಕ್ಷಾಂತರ ಜನ ಆ ಟ್ರಾಮ್ ಹತ್ತಿ ಇಳಿದಿದ್ದಾರೆ. ಗಾಳಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ.

ಮಾವ: ಆಟದಲ್ಲಿ ಕೇಳಬೇಕಾಗಿಲ್ಲ. ಕಾದಂಬರಿಯಲ್ಲಿ ಕೇಳುತ್ತಾರೆ. ರೈಲು ಬೇಡ ಅಂತ ನಾನು ಹೇಳುತ್ತಲೇ ಇಲ್ಲ. ಕುಬ್ಜರ ಬೆಟ್ಟದೊಳಗೆ ಇರುವಷ್ಟು ಹಕ್ಕು ರೈಲಿಗೆ ಬೇರೆ ಎಲ್ಲೂ ಇಲ್ಲ ಅನ್ನುವುದು ನನ್ನ ಮಾತು. ನೀವು ಬರೆಯುವವರು ಬಯಲಿನಲ್ಲಿ ಓಡುವ ರೈಲನ್ನು ತಂದು ಸುರಂಗಕ್ಕೆ ತೂರಿಸುತ್ತೀರಿ. ಚರಿತ್ರೆಯಲ್ಲಿ ನಡೆದದ್ದು ಅದರ ತಿರುಗುಮುರುಗು. ಹಳಿ ಹುಟ್ಟಿದ್ದು ಗಣಿಯಲ್ಲಿ. ಬಯಲಿಗೆ ಬಂದದ್ದು ಆಮೇಲೆ. ಗಣಿಯೇ ರೈಲಿನ ತವರು.

ಸೊಸೆ: ಗಣಿಗಳಲ್ಲಿ ಟ್ರಾಲಿ ಇರುತ್ತಿತ್ತು ಅಂತ ಗೊತ್ತು. ಆದರೆ ಅದನ್ನೇ ರೈಲು ಅನ್ನಬಹುದಾ?

ಮಾವ: ಅಗ್ರಿಕೋಲ ಅಂತ ಒಬ್ಬ ಇದ್ದ. ಜರ್ಮನಿಯ ಸ್ಯಾಕ್ಸನಿಯವನು, ವೃತ್ತಿಯಿಂದ ವೈದ್ಯ. 1527ರಲ್ಲಿ ಯೋಆಕಿಮ್ಸ್‌ತಾಲ್ ಅನ್ನುವ ಬೆಳ್ಳಿ ಗಣಿಯ ಊರಿಗೆ ವೈದ್ಯನಾಗಿ ಹೋದ. ಈಗ ಆ ಊರು ಚೆಕ್ ದೇಶದಲ್ಲಿದೆ. ರೋಗಿಗಳೆಲ್ಲ ಗಣಿಯವರೇ. ಅವರ ಮಾತು ಕೇಳುತ್ತ, ಅವರ ಕೆಲಸ ನೋಡುತ್ತ ಗಣಿ ವಿದ್ಯೆಯ ಮೇಲೆ ದೊಡ್ಡ ಪುಸ್ತಕ ಬರೆದ. ಅವನು ತೀರಿಕೊಂಡ ಮರು ವರ್ಷ, 1556ರಲ್ಲಿ, ಅದು ಅಚ್ಚಾಯಿತು. ಹೆಸರು ‘ಡಿ ರೆ ಮೆಟಾಲಿಕಾ’. ಅದರಲ್ಲಿ ಒಂದು ಪುಟ್ಟ ಬಂಡಿಯ ವರ್ಣನೆ ಬರುತ್ತದೆ. ನಾಲ್ಕು ಸಣ್ಣ ಚಕ್ರ, ಮೇಲೆ ಮರದ ಪೆಟ್ಟಿಗೆ, ಅಡಿಯಲ್ಲಿ ಒಂದು ಕಬ್ಬಿಣದ ಗೂಟ. ಸುರಂಗದ ನೆಲಕ್ಕೆ ಉದ್ದಕ್ಕೂ ಹಲಗೆ ಹಾಸಿರುತ್ತಾರೆ, ಎರಡು ಹಲಗೆಗಳ ನಡುವೆ ಒಂದು ಸಂದು ಬಿಟ್ಟಿರುತ್ತಾರೆ. ಗೂಟ ಆ ಸಂದಿನಲ್ಲಿ ಇಳಿದಿರುತ್ತದೆ. ಎಷ್ಟು ಜೋರಾಗಿ ತಳ್ಳಿದರೂ ಬಂಡಿ ದಾರಿ ಬಿಟ್ಟು ಹೋಗುವುದಿಲ್ಲ. ಓಡುವಾಗ ಮಾಡುವ ಸದ್ದು ನಾಯಿ ಬೊಗಳಿದ ಹಾಗಿರುತ್ತದೆ ಅಂತ ಗಣಿಯವರು ಅದನ್ನು ನಾಯಿ ಅಂತಲೇ ಕರೆಯುತ್ತಿದ್ದರಂತೆ.

ಸೊಸೆ: ಅಂದರೆ ಬಂಡಿಯನ್ನು ದಾರಿಗೆ ಕಟ್ಟಿ ಹಾಕಿದ್ದು. ಅದೇ ಹಳಿಯ ತತ್ತ್ವ.

ಮಾವ: ಯಾಕೆ ಕಟ್ಟಿ ಹಾಕಬೇಕಾಯಿತು ಅಂತ ಯೋಚಿಸು. ಬಯಲಿನಲ್ಲಿ ಗಾಡಿ ಹೊಡೆಯುವವನಿಗೆ ಕಣ್ಣಿದೆ, ಸೂರ್ಯನಿದ್ದಾನೆ, ಎತ್ತಿಗೆ ಬುದ್ಧಿ ಇದೆ. ಗಣಿಯಲ್ಲಿ ಬಗ್ಗಿ ನಡೆಯಬೇಕು, ಎರಡೂ ಕೈಯಲ್ಲಿ ತಳ್ಳಬೇಕು, ದೀಪ ಇದ್ದರೆ ಒಂದು ಮಿಣುಕು. ದಾರಿ ಹುಡುಕುವ ಕೆಲಸವನ್ನು ಕಣ್ಣಿನಿಂದ ತೆಗೆದು ನೆಲಕ್ಕೆ ಒಪ್ಪಿಸಿದರು. ಹಳಿ ಹುಟ್ಟಿದ್ದು ಕತ್ತಲಲ್ಲಿ ದುಡಿಯುವವರ ಅಗತ್ಯದಿಂದ. ಕತ್ತಲಲ್ಲೇ ಬದುಕುವ ಜನಾಂಗವೊಂದನ್ನು ನೀನು ಕಟ್ಟುತ್ತಿದ್ದೀಯ. ಅವರು ರೈಲು ಕಂಡುಹಿಡಿಯದೆ ಇನ್ನಾರು ಕಂಡುಹಿಡಿಯಬೇಕು?

ಸೊಸೆ: ಈ ಅಗ್ರಿಕೋಲನ ಹೆಸರು ನನಗೆ ಬೇರೆ ಕಡೆಯಿಂದ ಗೊತ್ತು ಮಾವ. ಕುಬ್ಜರ ಕಥೆಗಳ ಮೂಲ ಹುಡುಕುವಾಗ ಸಿಕ್ಕ. 1549ರಲ್ಲಿ ನೆಲದಡಿಯ ಜೀವಿಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದಿದ್ದಾನೆ. ಅದರ ಕೊನೆಯಲ್ಲಿ ಗಣಿಗಳಲ್ಲಿ ಕಾಣಿಸಿಕೊಳ್ಳುವ ಪುಟ್ಟ ಮನುಷ್ಯರು ಬರುತ್ತಾರೆ. ಮೂರು ಗೇಣಿನಷ್ಟು ಎತ್ತರ, ಗಣಿಯವರಂಥದೇ ಉಡುಪು. ಕಲ್ಲು ಒಡೆದಂತೆ, ಬುಟ್ಟಿ ತುಂಬಿದಂತೆ, ರಾಟೆ ತಿರುಗಿಸಿದಂತೆ ಓಡಾಡುತ್ತಾರೆ, ಆದರೆ ಏನೂ ಮಾಡಿರುವುದಿಲ್ಲ. ಅವರಿಂದ ಕೆಡುಕೂ ಇಲ್ಲ.

ಮಾವ: ಅದೇ ನೋಡು. ಹಳಿಯ ಬಂಡಿಯನ್ನೂ ನೆಲದಡಿಯ ಕುಬ್ಜರನ್ನೂ ಬರೆದಿಟ್ಟವನು ಒಬ್ಬನೇ ಮನುಷ್ಯ. ಒಂದೇ ಜನರಿಂದ ಕೇಳಿ ಬರೆದದ್ದು. ನಿನ್ನ ಕಾದಂಬರಿಗೆ ಇದಕ್ಕಿಂತ ಗಟ್ಟಿಯಾದ ತಳಪಾಯ ಸಿಗಲಾರದು.

ಸೊಸೆ: ಕುಬ್ಜರು ಅವನಿಗಿಂತ ಹಳಬರು. 1220ರ ಸುಮಾರಿಗೆ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಬರೆದ ಗದ್ಯ ಎಡ್ಡಾದಲ್ಲಿ ದೇವತೆಗಳ ಆಯುಧಗಳನ್ನೆಲ್ಲ ಮಾಡಿಕೊಡುವವರು ಕುಬ್ಜರೇ. ಒಂದು ಹಡಗನ್ನೂ ಮಾಡುತ್ತಾರೆ. ಹಾಯಿ ಎತ್ತಿದ ಕೂಡಲೇ ಅನುಕೂಲದ ಗಾಳಿ ಬೀಸುತ್ತದೆ, ಬೇಡವಾದಾಗ ಬಟ್ಟೆಯಂತೆ ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದು. ಆದರೆ ಆ ಹಡಗು ಫ್ರೇ ಅನ್ನುವ ದೇವರಿಗೆ ಹೋಗುತ್ತದೆ. ವಾಹನ ಮಾಡಿದವರು ಅದರಲ್ಲಿ ಪ್ರಯಾಣ ಮಾಡುವುದಿಲ್ಲ. ಅದಕ್ಕೇ ನನ್ನ ಕುಬ್ಜರು ತಮಗಾಗಿಯೇ ಒಂದು ವಾಹನ ಮಾಡಿಕೊಳ್ಳಲಿ ಅಂತ ನನ್ನ ಆಸೆ.

ಮಾವ: ಒಳ್ಳೆಯ ಆಸೆ. ಅದನ್ನು ಬಿಡಬೇಡ. ಸ್ಯಾಕ್ಸನಿಯ ಬಂಡಿಯ ಮುಂದಿನ ಕಥೆಯನ್ನೂ ಕೇಳು. 1560ರ ದಶಕದಲ್ಲಿ ಇಂಗ್ಲೆಂಡಿನ ಕೆಸ್ವಿಕ್ ಸುತ್ತಿನ ಬೆಟ್ಟಗಳಲ್ಲಿ ತಾಮ್ರ ತೆಗೆಯಲು ಜರ್ಮನ್ ಗಣಿಗಾರರನ್ನು ಕರೆಸಿದರು. ಅವರ ಜೊತೆ ಅವರ ಬಂಡಿಯೂ ಹೋಯಿತು. 1604ರ ಹೊತ್ತಿಗೆ ನಾಟಿಂಗ್‌ಹ್ಯಾಮ್ ಹತ್ತಿರದ ವೊಲಾಟನ್‌ನಲ್ಲಿ ಕಲ್ಲಿದ್ದಲು ಸಾಗಿಸಲು ಎರಡು ಮೈಲಿ ಮರದ ಹಳಿ ಹಾಕಿದರು. ಅದು ನೆಲದ ಮೇಲೆ. ಇನ್ನು ಉಗಿ ಯಂತ್ರ. 1712ರಲ್ಲಿ ನ್ಯೂಕಾಮನ್ ಕಟ್ಟಿದ್ದು ಡಡ್ಲಿ ಬಳಿಯ ಗಣಿಯಿಂದ ನೀರು ಎತ್ತಲು. ಉಗಿಯನ್ನು ಹಳಿಯ ಮೇಲೆ ಕೂರಿಸಿ 1804ರಲ್ಲಿ ಓಡಿಸಿದ ಟ್ರೆವಿಥಿಕ್ ಕಾರ್ನ್‌ವಾಲಿನ ಗಣಿ ಕ್ಯಾಪ್ಟನ್ ಒಬ್ಬನ ಮಗ. ಜಾರ್ಜ್ ಸ್ಟೀವನ್ಸನ್ 1814ರಲ್ಲಿ ತನ್ನ ಮೊದಲ ಎಂಜಿನ್ನು ಕಟ್ಟಿದ್ದು ಕಿಲಿಂಗ್‌ವರ್ತ್ ಕಲ್ಲಿದ್ದಲು ಗಣಿಯಲ್ಲಿ. ಅಲ್ಲಿನ ಹಳಿಗಳ ನಡುವಿನ ಅಂತರವನ್ನೇ ಅವನು ಮುಂದೆ ಬೇರೆ ರೈಲುಗಳಿಗೂ ತಂದ. ಅರ್ಧ ಅಂಗುಲ ಸೇರಿಸಿದ ಮೇಲೆ ಅದೇ 1,435 ಮಿಲಿಮೀಟರ್ ಆಯಿತು, ಲೋಕದ ಅಳತೆಯಾಯಿತು. ನಮ್ಮ ಮೆಟ್ರೊ ಹಳಿಗಳ ಅಂತರವೂ ಅಷ್ಟೇ. ವಿಧಾನಸೌಧದ ಅಡಿಯಲ್ಲಿ ನೀನು ದಿನಾ ಪ್ರಯಾಣ ಮಾಡುವುದು ಗಣಿಯವರ ಅಳತೆಯ ಮೇಲೆ.

ಸೊಸೆ: ಉಗಿ ಬೇಡ ಅಂತ ಆಗಲೇ ಹೇಳಿದಿರಿ. ಆದರೆ ಲಂಡನ್ನಿನಲ್ಲಿ ನೆಲದಡಿ ಉಗಿ ರೈಲೇ ಓಡಿತಲ್ಲ?

ಮಾವ: 1863ರ ಜನವರಿಯಲ್ಲಿ ಶುರುವಾಯಿತು, ನಿಜ. ಆದರೆ ಆ ದಾರಿ ಆಳದಲ್ಲಿ ಇರಲಿಲ್ಲ. ರಸ್ತೆ ಅಗೆದು, ಹಳಿ ಹಾಕಿ, ಮೇಲೆ ಕಮಾನು ಮುಚ್ಚಿದ್ದು. ಅಲ್ಲಲ್ಲಿ ಆಕಾಶಕ್ಕೆ ತೆರೆದ ಜಾಗ ಬಿಟ್ಟಿದ್ದರು. ಆದರೂ ಹೊಗೆಗೆ ಜನ ಕೆಮ್ಮಿ ಕೆಮ್ಮಿ ಸುಸ್ತಾದರು. ನಿಜಕ್ಕೂ ಆಳದ ಕೊಳವೆಯಲ್ಲಿ ರೈಲು ಓಡಿದ್ದು 1890ರಲ್ಲಿ, ವಿದ್ಯುತ್ತು ಬಂದ ಮೇಲೆ. ಆ ಮೊದಲ ಬೋಗಿಗಳಿಗೆ ಕಿಟಕಿ ಅಂತ ಇದ್ದದ್ದು ಸೂರಿನ ಹತ್ತಿರ ಸಣ್ಣ ಸೀಳು. ಹೊರಗೆ ನೋಡಲು ಏನಿದೆ ಅಂತ ಅವರ ಲೆಕ್ಕ. ಆದರೆ ವಿದ್ಯುತ್ ಎಂಜಿನ್ನು ಲಂಡನ್ನಿಗೆ ಬರುವ ಮೊದಲೇ ಗಣಿಗೆ ಇಳಿದಿತ್ತು. 1882ರಲ್ಲಿ ಸೀಮೆನ್ಸ್ ಕಂಪನಿ ಮಾಡಿದ ‘ಡೊರೊಥಿಯಾ’ ಅನ್ನುವ ಪುಟ್ಟ ಎಂಜಿನ್ನು ಝೌಕೆರೋಡ ಕಲ್ಲಿದ್ದಲು ಗಣಿಯಲ್ಲಿ ಓಡಾಡಲು ತೊಡಗಿತು. ಆ ಗಣಿ ಎಲ್ಲಿತ್ತು ಹೇಳು?

ಸೊಸೆ: ಸ್ಯಾಕ್ಸನಿಯಲ್ಲಾ?

ಮಾವ: ಹೌದು. ಅಗ್ರಿಕೋಲನ ನಾಡಿನಲ್ಲೇ.

ಸೊಸೆ: ನೀವು ಹೇಳುವುದನ್ನೆಲ್ಲ ಒಪ್ಪಿದರೂ ಒಂದು ಅನುಮಾನ ಉಳಿಯುತ್ತದೆ. ಕುಬ್ಜರನ್ನು ಇವತ್ತಿನ ಓದುಗರ ಮನಸ್ಸಿನಲ್ಲಿ ಕೂರಿಸಿದವನು ಟೋಲ್ಕಿನ್. ಅವನು ಕಲ್ಪಿಸಿದ ಕುಬ್ಜರ ನೆಲದಡಿಯ ಊರು ಮೋರಿಯಾದಲ್ಲಿ ಪಶ್ಚಿಮದ ಬಾಗಿಲಿಂದ ಪೂರ್ವದ ಬಾಗಿಲಿಗೆ ನೇರ ಲೆಕ್ಕದಲ್ಲೇ ನಲವತ್ತು ಮೈಲಿ. ಅಷ್ಟು ದೊಡ್ಡ ಊರಿನಲ್ಲಿ ಒಂದು ಬಂಡಿಯ ಹಳಿಯೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಲ್ಲರೂ ನಡೆದೇ ದಾಟುತ್ತಾರೆ. ಅವನಿಗೆ ರೈಲು ಹೊಳೆಯಲಿಲ್ಲ ಅಂತೇನೂ ಅಲ್ಲ. 1937ರ ‘ಹಾಬಿಟ್’ನ ಮೊದಲ ಅಧ್ಯಾಯದಲ್ಲಿ, ಹದಿಮೂರು ಕುಬ್ಜರು ಮನೆ ತುಂಬಿ ಕೂತಿರುವಾಗ ಕಥಾನಾಯಕ ಬಿಲ್ಬೊ ಹೆದರಿ ಕಿರುಚುತ್ತಾನೆ. ಆ ಕಿರುಚಾಟವನ್ನು ಟೋಲ್ಕಿನ್ ಹೋಲಿಸುವುದು ಸುರಂಗದಿಂದ ಹೊರಬರುವ ಎಂಜಿನ್ನಿನ ಸೀಟಿಗೆ. ಮಾತಿನಲ್ಲಿ ರೈಲು ಬಂತು, ಲೋಕದೊಳಗೆ ಬರಲಿಲ್ಲ. ಯಾಕೆ ಅಂತ ಬಹಳ ಯೋಚಿಸಿದ್ದೇನೆ.

ಮಾವ: ಏನು ಉತ್ತರ ಸಿಕ್ಕಿತು?

ಸೊಸೆ: ಭಯ. ಮೋರಿಯಾದ ಪೂರ್ವದ ಬಾಗಿಲ ಬಳಿ ಒಂದು ಸೇತುವೆ ಇದೆ. ಕೈಗಂಬಿ ಇಲ್ಲ, ಅಗಲ ಇಲ್ಲ, ಒಬ್ಬರ ಹಿಂದೆ ಒಬ್ಬರೇ ದಾಟಬೇಕು. ಶತ್ರು ಒಳಗೆ ನುಗ್ಗಿದರೂ ಅಲ್ಲಿ ತಡೆಯಬಹುದು ಅಂತ ಬೇಕೆಂದೇ ಹಾಗೆ ಕಟ್ಟಿದ್ದು. ಅಂಥ ಸೇತುವೆ ಕಟ್ಟುವವರು ರೈಲು ಹಾಕುವುದಿಲ್ಲ. ಹಳಿ ಹಾಕಿದವನು ದಾರಿಯನ್ನು ಅಗಲ ಮಾಡಲೇಬೇಕು, ಸಮ ಮಾಡಲೇಬೇಕು, ಆಚೆ ಕಡೆಯವರನ್ನು ನಂಬಲೇಬೇಕು. ಟೆರಿ ಪ್ರಾಟ್ಚೆಟ್ 2013ರಲ್ಲಿ ಬರೆದ ‘ರೈಸಿಂಗ್ ಸ್ಟೀಮ್’ನಲ್ಲಿ ಇದೇ ಜಗಳ ಬಯಲಿಗೆ ಬೀಳುತ್ತದೆ. ಡಿಸ್ಕ್‌ವರ್ಲ್ಡ್ ಲೋಕಕ್ಕೆ ರೈಲು ಬಂದಾಗ ಕುಬ್ಜರಲ್ಲೇ ಎರಡು ಪಾಳಯವಾಗುತ್ತದೆ. ಹಳೆಯ ಆಳದ ಬದುಕೇ ಶುದ್ಧ ಅನ್ನುವ ಧರ್ಮಗುರುಗಳ ಕಡೆಯವರು ಹಳಿಗಳ ಮೇಲೆ ದಾಳಿ ಮಾಡುತ್ತಾರೆ. ಸಿಂಹಾಸನ ಉಳಿಸಿಕೊಳ್ಳಲು ದೊರೆ ಅದೇ ರೈಲಿನಲ್ಲಿ ತನ್ನ ನಾಡಿಗೆ ಹಿಂದಿರುಗಬೇಕಾಗುತ್ತದೆ. ಅದಕ್ಕೇ ನನ್ನ ಕಥೆಯಲ್ಲಿ ರೈಲು ಮುಖ್ಯ. ನೂರಾರು ವರ್ಷ ಬಾಗಿಲು ಹಾಕಿಕೊಂಡಿದ್ದ ಎರಡು ಬೆಟ್ಟಗಳು ಒಂದನ್ನೊಂದು ನಂಬಿ ನಡುವೆ ದಾರಿ ಕೊರೆದ ಕಥೆ ಅದು.

ಮಾವ: ಈ ಮಾತು ನಿನ್ನ ಅಧ್ಯಾಯದಲ್ಲಿ ಎಲ್ಲಿದೆ? ನನಗೆ ಕಾಣಲಿಲ್ಲ. ಅಲ್ಲಿ ರಾಜಕುಮಾರಿ ಹತ್ತುತ್ತಾಳೆ, ಇಳಿಯುತ್ತಾಳೆ. ಬರೆದರೆ ಇದನ್ನು ಬರೆಯಬೇಕು. ಎರಡೂ ಕಡೆಯಿಂದ ಸುರಂಗ ಕೊರೆಯುತ್ತ ಬಂದವರು ನಡುವೆ ಸಂಧಿಸುವುದು ಅಂದರೆ ಏನು ಅಂತ ಸರ್ವೇಯರ್‌ಗೆ ಗೊತ್ತು. ತಿಂಗಳುಗಟ್ಟಲೆ ಕಾಗದದ ಮೇಲಿನ ಲೆಕ್ಕವನ್ನೇ ನಂಬಿ ನಡೆದಿರುತ್ತೀಯ. ಆಚೆ ಕಡೆಯವನ ಲೆಕ್ಕವನ್ನೂ ನಂಬಿರುತ್ತೀಯ. ಕಡೆಗೆ ಒಂದು ದಿನ ಬಂಡೆಯ ಆಚೆಯಿಂದ ಡ್ರಿಲ್ ಸದ್ದು ಕೇಳಿಸುತ್ತದೆ.

ಸೊಸೆ: ಅದನ್ನು ಬರೆದುಕೊಳ್ಳುತ್ತೇನೆ. ಸದ್ದು ಅಂದಾಗ ನೆನಪಾಯಿತು. ಮೋರಿಯಾ ದಾಟುವ ತಂಡದ ಪಿಪ್ಪಿನ್ ಅಲ್ಲಿನ ಬಾವಿಗೆ ಕಲ್ಲು ಹಾಕುತ್ತಾನೆ, ಸ್ವಲ್ಪ ಹೊತ್ತಿಗೆ ಆಳದಿಂದ ಟಕ್ ಟಕ್ ಅನ್ನುವ ಪೆಟ್ಟು ಕೇಳಿಸುತ್ತದೆ. ಅದು ಸುತ್ತಿಗೆಯ ಸದ್ದೇ ಅಂತ ಕುಬ್ಜ ಗಿಮ್ಲಿ ಹೇಳುತ್ತಾನೆ.

ಮಾವ: ಕಾರ್ನ್‌ವಾಲಿನ ತವರದ ಗಣಿಗಳಲ್ಲಿ ಇಂಥದೇ ಒಂದು ನಂಬಿಕೆ ಇತ್ತು. ಗೋಡೆಯೊಳಗೆ ಪುಟ್ಟ ಜನ ಇದ್ದಾರೆ, ಕುಸಿತಕ್ಕೆ ಮುಂಚೆ ಬಡಿದು ಎಚ್ಚರಿಸುತ್ತಾರೆ ಅಂತ. ಬುತ್ತಿಯ ಕೊನೆಯ ತುಣುಕನ್ನು ಅವರಿಗೆ ಬಿಟ್ಟು ಬರುತ್ತಿದ್ದರು. ಬಂಡೆ ಒತ್ತಡಕ್ಕೆ ಸಿಕ್ಕಿದಾಗ ನಿಜವಾಗಿಯೂ ಸದ್ದು ಮಾಡುತ್ತದೆ. ಆ ಸದ್ದು ಕೇಳಿ ಓಡಿ ಬದುಕಿದವರು ಅದಕ್ಕೊಂದು ಮುಖ ಕೊಟ್ಟರು, ಕೃತಜ್ಞತೆಯಿಂದ ಊಟ ಇಟ್ಟರು. ನನಗೆ ಅದರಲ್ಲಿ ಮೂಢತನ ಕಾಣುವುದಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕೈ ಹಾಕಿದಾಗ ಕಾರ್ನ್‌ವಾಲಿನ ಗಣಿಗಾರರು ಅಲ್ಲಿಗೂ ಬಂದರು. ಕೋಲಾರದ ಬಂಡೆ ಸಿಡಿಯುವುದಕ್ಕೆ ಅಲ್ಲಿನವರು ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ಆಳ ಹೆಚ್ಚಿದಂತೆ ಮೇಲಿನ ಕಲ್ಲಿನ ಭಾರಕ್ಕೆ ಗೋಡೆ ತಾನಾಗಿಯೇ ಒಡೆದು ಎರಚುತ್ತದೆ. ಊರಿನ ಮನೆಗಳ ಪಾತ್ರೆ ಅಲುಗಾಡುತ್ತಿತ್ತು. ಕೆಳಗೆ ಪಾಳಿಗೆ ಹೋದವರು ಯಾರು ಅಂತ ಎಲ್ಲ ಮನೆಯವರೂ ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟಿನ, ಕಡೆಗೆ ಓಡುತ್ತಿದ್ದರು.

ಸೊಸೆ: ಈಗ ಗಾಳಿಯ ಮಾತಿಗೆ ಬನ್ನಿ ಮಾವ. ನನ್ನ ಅರವತ್ತು ಮೈಲಿಗೆ ಗಾಳಿ ಎಲ್ಲಿಂದ ತರಲಿ?

ಮಾವ: ಅದಕ್ಕೆ ದಾರಿ ಇದೆ, ನಿನ್ನ ಬೆಟ್ಟಕ್ಕೆ ಹೊಂದುವ ದಾರಿಯೇ ಇದೆ. ಆಲ್ಪ್ಸ್ ಪರ್ವತದ ಗೊಟ್ಹಾರ್ಡ್ ಸುರಂಗವನ್ನು 1872ರಿಂದ 1882ರವರೆಗೆ ಕೊರೆದರು. ಹದಿನೈದು ಕಿಲೋಮೀಟರ್. ಬೆಟ್ಟದಿಂದ ಇಳಿಯುವ ಹೊಳೆಯ ನೀರಿಗೆ ಟರ್ಬೈನ್ ಕೂರಿಸಿ, ಅದರಿಂದ ಗಾಳಿಯನ್ನು ಒತ್ತಿ, ಕೊಳವೆಯಲ್ಲಿ ಒಳಗೆ ಕಳಿಸಿದರು. ಆ ಗಾಳಿಯಿಂದಲೇ ಡ್ರಿಲ್ ಓಡಿದವು. ಗಾಳಿ ತುಂಬಿದ ಎಂಜಿನ್ನುಗಳೂ ಇದ್ದವು, ಕಲ್ಲು ತುಂಬಿದ ಬಂಡಿಗಳನ್ನು ಎಳೆದವು. ಒಲೆ ಇಲ್ಲ, ಹೊಗೆ ಇಲ್ಲ, ಎಂಜಿನ್ನು ಬಿಟ್ಟ ಗಾಳಿ ಉಸಿರಾಟಕ್ಕೂ ಒದಗಿತು. ನಿನ್ನ ಕುಬ್ಜರ ಬೆಟ್ಟದಲ್ಲಿ ಜಲಪಾತ ಇದೆ ಅಂತ ಮೊದಲ ಅಧ್ಯಾಯದಲ್ಲೇ ಬರೆದಿದ್ದೀಯ. ಅದಕ್ಕೆ ಕೆಲಸ ಕೊಡು. ಉಗಿ ತೆಗೆದುಬಿಡು. ಜಲಪಾತದ ಗಾಳಿಯಲ್ಲಿ ರೈಲು ಓಡಲಿ.

ಸೊಸೆ: ಇದು ಬಹಳ ಚೆನ್ನಾಗಿದೆ. ಹೊಳೆ ಬತ್ತಿದರೆ ರೈಲೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಬೇಸಗೆಯಲ್ಲಿ ಅವರು ಹೇಗೆ ಬದುಕುತ್ತಾರೆ ಅನ್ನುವುದೇ ಒಂದು ಅಧ್ಯಾಯ ಆಗುತ್ತದೆ.

ಮಾವ: ಅದರ ಜೊತೆ ಇನ್ನೊಂದನ್ನು ಬರೆಯಬೇಕು. ಗೊಟ್ಹಾರ್ಡ್‌ನಲ್ಲಿ ಸುಮಾರು ಇನ್ನೂರು ಜನ ಸತ್ತರು. ಅದಕ್ಕೂ ಹೆಚ್ಚು ಜನ ರಕ್ತಹೀನತೆಯಿಂದ ಬಿಳಿಚಿಕೊಂಡು ಊರಿಗೆ ಹೋದರು. ಬಿಸಿ, ತೇವ, ಶೌಚಕ್ಕೆ ಜಾಗ ಇಲ್ಲದ ಸುರಂಗದ ನೆಲ. ಅಲ್ಲಿ ಕೊಕ್ಕೆಹುಳು ಹಬ್ಬಿತ್ತು. ಕೆಲಸದ ಗುತ್ತಿಗೆ ಹಿಡಿದಿದ್ದ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತ. ನಿನ್ನ ಕಥೆಯ ರೈಲು ಮಾರ್ಗವನ್ನು ಯಾರು ಕೊರೆದರು? ಒಂದು ಸಾಲಿನಲ್ಲಿ ‘ಪೂರ್ವಜರು’ ಅಂತ ಬರೆದು ಮುಗಿಸಿದ್ದೀಯ.

ಸೊಸೆ: ಓದುಗರು ಮೊದಲು ಬೆರಗಾಗಲಿ ಅಂತ ಹಾಗೆ ಮಾಡಿದೆ. ಬೆರಗು ಇಲ್ಲದಿದ್ದರೆ ಈ ಬಗೆಯ ಕಥೆಗೆ ಜೀವವೇ ಇಲ್ಲ ಮಾವ. ಎಲ್ಲ ಪುಟದಲ್ಲೂ ಸಾವು ನೋವು ತಂದರೆ ಅದು ವರದಿಯಾಗುತ್ತದೆ.

ಮಾವ: ಬೆರಗು ಇರಲಿ, ನನಗೂ ಬೇಕು. ಮೊದಲ ಸಲ ಗಣಿಯ ಲಿಫ್ಟಿನಲ್ಲಿ, ಅಂದರೆ ಕೇಜ್‌ನಲ್ಲಿ, ಇಳಿದಾಗ ನನಗೂ ಅದೇ ಆಗಿದ್ದು. ಆದರೆ ಕುಬ್ಜರು ಯಾಕೆ ಕುಳ್ಳಗಿದ್ದಾರೆ ಅಂತ ನೀನು ಯಾವತ್ತಾದರೂ ಕೇಳಿಕೊಂಡಿದ್ದೀಯಾ?

ಸೊಸೆ: ಸುರಂಗ ಸಣ್ಣದು, ಕೊರೆಯುವ ಕಲ್ಲು ಕಡಿಮೆಯಾದಷ್ಟೂ ಒಳ್ಳೆಯದು. ಅದಕ್ಕೆ ಹೊಂದುವ ದೇಹ.

ಮಾವ: ಸರಿ. ಗಣಿಯ ಮಾಲೀಕರೂ ಹಾಗೇ ಲೆಕ್ಕ ಹಾಕಿದರು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಎರಡು ಅಡಿ ದಪ್ಪದ ಪದರಗಳಿದ್ದವು. ಎತ್ತರವಾಗಿ ಅಗೆದರೆ ಖರ್ಚು. ಹಾಗಾಗಿ ಮಕ್ಕಳನ್ನು ಇಳಿಸಿದರು. ಸೊಂಟಕ್ಕೆ ಪಟ್ಟಿ, ಕಾಲುಗಳ ನಡುವೆ ಸರಪಳಿ, ಅಂಬೆಗಾಲಲ್ಲಿ ಬಂಡಿ ಎಳೆಯಬೇಕು. ಇನ್ನೂ ಸಣ್ಣವರಿಗೆ ಬಾಗಿಲು ಕಾಯುವ ಕೆಲಸ. ಗಾಳಿ ಅಂತ ಕೇಳಿದೆಯಲ್ಲ, ಗಣಿಯಲ್ಲಿ ಗಾಳಿ ಬೇಕಾದಲ್ಲಿಗೆ ಹೋಗಬೇಕಾದರೆ ಅಡ್ಡದಾರಿಗಳನ್ನು ಬಾಗಿಲಿನಿಂದ ಮುಚ್ಚಬೇಕು. ಆದರೆ ಬಂಡಿಗಳು ಅದೇ ದಾರಿಯಲ್ಲಿ ಹೋಗಬೇಕಲ್ಲ? ಬಂಡಿ ಬಂದಾಗ ಹಗ್ಗ ಎಳೆದು ಬಾಗಿಲು ತೆರೆಯಬೇಕು, ಹೋದ ಕೂಡಲೇ ಮುಚ್ಚಬೇಕು. ತೆರೆದೇ ಬಿಟ್ಟರೆ ಉರಿಯುವ ಅನಿಲ ತುಂಬಿ ಗಣಿಯೇ ಸಿಡಿಯಬಹುದು. ಆ ಬಾಗಿಲ ಪಕ್ಕ ಒಂದು ಗೂಡು. ಗೂಡಿನಲ್ಲಿ ಐದಾರು ವರ್ಷದ ಮಗು. ಬಹಳ ಸಲ ದೀಪವೂ ಇಲ್ಲ, ಮೇಣದಬತ್ತಿಗೆ ಖರ್ಚಾಗುತ್ತದೆ ಅಂತ. ದಿನಕ್ಕೆ ಹನ್ನೆರಡು ಗಂಟೆ. ನೆಲದಡಿಯ ರೈಲಿಗೆ ಮೊದಲ ಗೇಟ್‌ಕೀಪರ್ ಅಂದರೆ ಆ ಮಗು.

ಸೊಸೆ: ಇದು ಯಾವಾಗ ನಿಂತಿತು?

ಮಾವ: 1838ರಲ್ಲಿ ಯಾರ್ಕ್‌ಶೈರಿನ ಹಸ್ಕರ್ ಗಣಿಗೆ ಮಳೆ ನೀರು ನುಗ್ಗಿ ಇಪ್ಪತ್ತಾರು ಮಕ್ಕಳು ಮುಳುಗಿ ಸತ್ತರು. ಆಮೇಲೆ ಒಂದು ಆಯೋಗ ಕೂತಿತು. ಅದರ ಸದಸ್ಯರು ಗಣಿಗಳಿಗೆ ಇಳಿದು ಮಕ್ಕಳನ್ನೇ ಮಾತಾಡಿಸಿದರು, 1842ರ ವರದಿಯಲ್ಲಿ ಚಿತ್ರಗಳನ್ನೂ ಹಾಕಿದರು. ಬಂಡಿ ಎಳೆಯುವ ಮಕ್ಕಳ ಆ ಚಿತ್ರ ನೋಡಿ ನಾಡೇ ತಲೆತಗ್ಗಿಸಿತು. ಅದೇ ವರ್ಷ ಹೆಂಗಸರೂ ಹೆಣ್ಣುಮಕ್ಕಳೂ ಹತ್ತು ವರ್ಷದ ಕೆಳಗಿನ ಗಂಡುಮಕ್ಕಳೂ ನೆಲದಡಿ ಕೆಲಸ ಮಾಡಬಾರದು ಅಂತ ಕಾನೂನು ಬಂತು. ನೆಲದಡಿ ಬಂಡಿ ಓಡಿಸಿದ ಪುಟ್ಟ ಮನುಷ್ಯರು ನಿಜವಾಗಿಯೂ ಇದ್ದರು ಮಗಳೇ. ಅವರಿಗೆ ಗಡ್ಡ ಇರಲಿಲ್ಲ, ಚಿನ್ನದ ಕಿರೀಟ ಇರಲಿಲ್ಲ. ಕುಬ್ಜರ ರೈಲಿನ ಬಗ್ಗೆ ಬರೆಯುವವರು ಅವರನ್ನು ಮರೆತರೆ ನನಗೆ ಸಂಕಟವಾಗುತ್ತದೆ.

ಸೊಸೆ: ನನ್ನ ಕಥೆಯಲ್ಲೂ ಗಾಳಿಯ ಬಾಗಿಲು ಬೇಕೇ ಬೇಕು. ಅದನ್ನು ಕಾಯುವವರು ಯಾರು ಅಂತ ನಾನು ಹೇಳಲೇಬೇಕಾಗುತ್ತದೆ.

ಮಾವ: ಹೇಳು. ವಯಸ್ಸಾದ ಕುಬ್ಜರು ಕಾಯಲಿ, ಅಥವಾ ಎಲ್ಲರೂ ಪಾಳಿಯಲ್ಲಿ ಕಾಯಲಿ. ಅರಸನ ಮಗಳೂ ಒಂದು ವರ್ಷ ಆ ಗೂಡಿನಲ್ಲಿ ಕೂತವಳೇ ಆಗಿರಲಿ. ಅಂಥ ಊರನ್ನು ನೀನು ಕಟ್ಟಬಹುದು, ನಿನ್ನ ಕೈಯಲ್ಲಿದೆ. ನಮ್ಮ ಲೋಕದಲ್ಲಿ 1842ರ ತನಕ ಆಗದೆ ಇದ್ದದ್ದು ಅಲ್ಲಿ ಮೊದಲೇ ಆಗಲಿ.

ಸೊಸೆ: ಇನ್ನೇನು ತಪ್ಪಿದೆ? ಎಲ್ಲ ಹೇಳಿಬಿಡಿ.

ಮಾವ: ಏರು. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಹೆಚ್ಚು ಏರಲಾರದು, ಜಾರುತ್ತದೆ. ನಿನ್ನ ರೈಲು ಆಳದ ಕುಲುಮೆಯಿಂದ ಶಿಖರದ ಅರಮನೆಗೆ ನೇರವಾಗಿ ಏರುತ್ತದೆ. ಗಣಿಯಲ್ಲಿ ಏರಿಳಿತಕ್ಕೆ ಕೇಜ್, ಅಡ್ಡ ಓಡಾಟಕ್ಕೆ ಹಳಿ. ಅಡ್ಡ ಹಳಿಗೂ ಸಾಮಾನ್ಯವಾಗಿ ಇನ್ನೂರು ಅಡಿಗೆ ಒಂದು ಅಡಿಯಂತೆ ಶಾಫ್ಟಿನ ಕಡೆಗೆ ಸಣ್ಣ ಇಳಿಜಾರು ಕೊಡುತ್ತಾರೆ. ಕಲ್ಲು ತುಂಬಿದ ಬಂಡಿ, ಅಂದರೆ ಟಬ್, ಸಲೀಸಾಗಿ ಬರುತ್ತದೆ, ಖಾಲಿಯಾದದ್ದನ್ನು ಹಿಂದಕ್ಕೆ ತಳ್ಳುತ್ತಾರೆ, ಪಕ್ಕದ ಚರಂಡಿಯ ನೀರೂ ಅದೇ ಕಡೆಗೆ ಹರಿಯುತ್ತದೆ. ಎಷ್ಟು ಚಂದದ ಲೆಕ್ಕ ನೋಡು, ಭಾರವೂ ನೀರೂ ಒಂದೇ ದಾರಿ ಹಿಡಿಯುತ್ತವೆ.

ಸೊಸೆ: ಡ್ವಾರ್ಫ್ ಫೋರ್ಟ್ರೆಸ್ ಅಂತ ಒಂದು ಆಟ ಇದೆ. ಟಾರ್ನ್ ಆಡಮ್ಸ್ ಮತ್ತು ಅವನ ಅಣ್ಣ ಝ್ಯಾಕ್ ಮಾಡಿದ್ದು, 2006ರಿಂದ ಬೆಳೆಯುತ್ತಲೇ ಇದೆ. 2012ರಲ್ಲಿ ಅದಕ್ಕೆ ಗಣಿ ಬಂಡಿ ಸೇರಿಸಿದರು. ಬಂಡೆಯಲ್ಲೇ ಹಳಿ ಕೆತ್ತಬಹುದು. ಇಳಿಜಾರಿಗೆ ಬಿಟ್ಟ ಬಂಡಿ ವೇಗ ಪಡೆಯುತ್ತದೆ, ತಿರುವಿನಲ್ಲಿ ಹಾರಿ ಬೀಳುತ್ತದೆ, ಎದುರು ಸಿಕ್ಕ ಕುಬ್ಜ ಸಾಯುತ್ತಾನೆ. ಆ ಆಟ ಆಡುವವರು ನಿಮ್ಮ ಮಾತನ್ನು ಕೂಡಲೇ ಒಪ್ಪುತ್ತಾರೆ.

ಮಾವ: ಅದನ್ನು ಮಾಡಿದವರು ಗಣಿಯನ್ನು ಅರ್ಥ ಮಾಡಿಕೊಂಡಿದ್ದಾರೆ. ಆಮೇಲೆ ಬಿಸಿ. ಆಳಕ್ಕೆ ಹೋದಂತೆ ಕಲ್ಲು ಬಿಸಿಯಾಗುತ್ತದೆ, ಬಹಳ ಕಡೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ಕೋಲಾರದ ಕಲ್ಲು ಪುರಾತನ, ಅಷ್ಟು ಬಿಸಿ ಏರುವುದಿಲ್ಲ. ಆದರೂ ಚಾಂಪಿಯನ್ ರೀಫ್ ಗಣಿಯ ತಳ 3 ಕಿಲೋಮೀಟರಿಗಿಂತ ಆಳ, ಅಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. 2016ರಲ್ಲಿ ತೆರೆದ ಹೊಸ ಗೊಟ್ಹಾರ್ಡ್ ಸುರಂಗ 57 ಕಿಲೋಮೀಟರ್ ಉದ್ದ. ಅದರ ಮೇಲೆ ಕೆಲವು ಕಡೆ 2,300 ಮೀಟರ್ ಬೆಟ್ಟ ಕೂತಿದೆ, ಕೊರೆಯುವಾಗ ಕಲ್ಲು 45 ಡಿಗ್ರಿ ಇತ್ತು. ನಿನ್ನ ಕುಬ್ಜರು ಚಳಿಗೆ ಕಂಬಳಿ ಹೊದ್ದು ರೈಲಿನಲ್ಲಿ ಕೂರುತ್ತಾರೆ. ಅವರು ಬೆವರಬೇಕು.

ಸೊಸೆ: ಕಂಬಳಿ ತೆಗೆಯುತ್ತೇನೆ. ಕೊನೆಯ ಭಾಗ ಹೇಗಿದೆ? ಸಾವಿರ ವರ್ಷ ಕಳೆದ ಮೇಲೆ ನಾಯಕಿ ಪಾಳು ಬಿದ್ದ ನಿಲ್ದಾಣಕ್ಕೆ ಇಳಿದು, ಧೂಳು ಒರೆಸಿ, ಹಳೆಯ ರೈಲನ್ನು ಮತ್ತೆ ಓಡಿಸುತ್ತಾಳೆ.

ಮಾವ: ಧೂಳು ಎಲ್ಲಿಂದ ಬಂತು? ಅಲ್ಲಿ ನೀರು ಇರುತ್ತದೆ.

ಸೊಸೆ: ಸಾವಿರ ವರ್ಷ ಯಾರೂ ಇಲ್ಲ ಅಂದೆನಲ್ಲ.

ಮಾವ: ಅದಕ್ಕೇ ನೀರು. ನೆಲದಡಿಯ ಜಾಗ ಒಣಗಿರುವುದು ತಾನಾಗಿ ಅಲ್ಲ. ಹಗಲೂ ರಾತ್ರಿ ಯಾರೋ ಪಂಪ್ ನಡೆಸುತ್ತಿರುತ್ತಾರೆ. ಅದು ನಿಂತರೆ ಬಂಡೆಯ ಬಿರುಕುಗಳಿಂದ ನೀರು ಬಂದು ತಳದಿಂದ ಒಂದೊಂದೇ ಲೆವೆಲ್ ತುಂಬುತ್ತ ಬರುತ್ತದೆ. ಕೋಲಾರದಲ್ಲಿ ಆದದ್ದು ಅದೇ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂದದ್ದು ಆ ಗಣಿಗಳಿಗಾಗಿ. ನೂರು ವರ್ಷ ಅಲ್ಲಿ ಯಂತ್ರಗಳು ತಿರುಗಿದವು. ಗಣಿ ಮುಚ್ಚಿದ ಮೇಲೆ ಪಂಪ್ ನಿಂತವು, ಹಳಿ, ಟಬ್ಬು, ಸುರಂಗ ಎಲ್ಲ ನೀರೊಳಗೆ ಹೋದವು.

ಸೊಸೆ: ಟೋಲ್ಕಿನ್ ಇದನ್ನು ಬಲ್ಲವನು. ಮೋರಿಯಾದ ಆಳದ ಭಂಡಾರಗಳು ನೀರಲ್ಲಿ ಮುಳುಗಿವೆ ಅಂತ ಮಾಂತ್ರಿಕ ಗ್ಯಾಂಡಾಲ್ಫ್ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ನಾನು ಆ ಮಾತಿನ ಮೇಲೆ ನಿಲ್ಲಲೇ ಇಲ್ಲ.

ಮಾವ: ಹಾಗಿದ್ದರೆ ನಿನ್ನ ನಾಯಕಿ ಇಳಿದಾಗ ನಿಲ್ದಾಣ ಒಣಗಿದ್ದರೆ ಅದಕ್ಕೆ ಒಂದೇ ಅರ್ಥ. ಸಾವಿರ ವರ್ಷದಿಂದ ಯಾರೋ ಅಲ್ಲಿದ್ದಾರೆ. ಪಂಪ್ ನಡೆಸುತ್ತಲೇ ಇದ್ದಾರೆ.

ಸೊಸೆ: ಮಾವ! ಕಾದಂಬರಿ ಅಲ್ಲಿಂದಲೇ ಶುರುವಾಗಬೇಕು. ಅವರು ಯಾರು, ಯಾರಿಗಾಗಿ ಕಾಯುತ್ತಿದ್ದಾರೆ, ಮಕ್ಕಳಿಗೆ ಆ ಕೆಲಸ ಹೇಗೆ ಕಲಿಸಿದರು, ಎಲ್ಲ ಹೊಸದಾಗಿ ಬರೆಯಬೇಕು. ರಾಜಕುಮಾರಿಯನ್ನು ಹಿಂದಕ್ಕೆ ಸರಿಸುತ್ತೇನೆ.

ಮಾವ: ಬರೆ. ಆದರೆ ಕೂರುವ ಮೊದಲು ಒಂದು ಕೆಲಸ ಮಾಡು. ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆವತ್ತು ಮೂವತ್ತು ವರ್ಷ ಆಗಿದ್ದವನಿಗೂ ಈಗ ಐವತ್ತು ದಾಟಿದೆ. ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಟಬ್ ತಳ್ಳಿದವರು, ಪಂಪ್ ಕಾದವರು, ಗಂಟೆಯ ಸಂಕೇತ ಕೇಳಿ ಕಾಣದ ಕೇಜ್‌ಗಳನ್ನು ಮೇಲೆತ್ತಿದ ವೈಂಡಿಂಗ್ ಡ್ರೈವರ್‌ಗಳು ಇನ್ನೂ ಆ ಊರಿನಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ತಮಿಳು ಮಾತಾಡುತ್ತಾರೆ, ತೆಲುಗು ಮಾತಾಡುತ್ತಾರೆ, ಕನ್ನಡವನ್ನೂ ಬಲ್ಲರು. ಕಥೆ ಬರೆಯುವವರು ಅವರನ್ನು ಹೋಗಿ ಕೇಳಿದ್ದು ಕಡಿಮೆ. ನೀನು ಹೋಗು, ಜೊತೆಗೆ ನಿನ್ನ ಹಾಗೆ ಬರೆಯುವ ಗೆಳೆಯರನ್ನೂ ಕರೆದುಕೊಂಡು ಹೋಗು. ಈ ವರ್ಷವೇ ಹೋಗಿ.